ಟ್ರಯಲ್ ರೀಲ್ಸ್ ಬಳಸಿ ನೋಡಿದೆ: ಯಾವ ರೀಲ್ ಓಡುತ್ತದೆ, ಯಾಕೆ?

ನಾನು ಗುಳೇದಗುಡ್ಡದ ಖಣ, ಅಂದರೆ ಕುಪ್ಪಸ ಹೊಲಿಸುವ ಕೈಮಗ್ಗದ ಬಟ್ಟೆ ಮಾರುತ್ತೇನೆ. ನನ್ನ ಹೊಸ ಗಿರಾಕಿಗಳಲ್ಲಿ ಹೆಚ್ಚಿನವರು ಬರುವುದು ಇನ್‌ಸ್ಟಾಗ್ರಾಂನಿಂದ. ಅದರಲ್ಲಿ ನನಗೆ ತುಂಬಾ ಹಿಡಿಸಿದ ಸೌಲಭ್ಯ ಟ್ರಯಲ್ ರೀಲ್ಸ್. 2024ರ ಡಿಸೆಂಬರ್‌ನಲ್ಲಿ ಬಂದದ್ದು. ದುಡ್ಡು ಕೊಡಬೇಕಾಗಿಲ್ಲ. ಕೈಯಿಂದ ಏನಾದರೂ ಮಾಡಿ ಮಾರುವವರು ಇದನ್ನು ಬಳಸಿ ನೋಡಲೇಬೇಕು.

ಇದು ಕೆಲಸ ಮಾಡುವ ರೀತಿ ಸುಲಭ. ರೀಲ್ ಹಾಕುವಾಗ ‘ಟ್ರಯಲ್’ ಅನ್ನುವುದನ್ನು ಆನ್ ಮಾಡಿದರೆ ಅದು ನಮ್ಮ ಫಾಲೋವರ್‌ಗಳಿಗೆ ಹೋಗುವುದಿಲ್ಲ, ಪ್ರೊಫೈಲ್‌ನಲ್ಲೂ ಕಾಣಿಸುವುದಿಲ್ಲ. ನಮ್ಮನ್ನು ಫಾಲೋ ಮಾಡದವರಿಗೇ ಮೊದಲು ತೋರಿಸುತ್ತಾರೆ. ಸುಮಾರು 24 ಗಂಟೆಯಲ್ಲಿ ಎಷ್ಟು ಜನ ನೋಡಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು ಅನ್ನುವ ಲೆಕ್ಕ ಸಿಗುತ್ತದೆ. ಇಷ್ಟವಾದರೆ ಎಲ್ಲರಿಗೂ ಬಿಡಬಹುದು. 72 ಗಂಟೆಯೊಳಗೆ ಚೆನ್ನಾಗಿ ಓಡಿದರೆ ತಾನಾಗಿಯೇ ಎಲ್ಲರಿಗೂ ಹೋಗಲಿ ಅಂತ ಮೊದಲೇ ಹೇಳಿಯೂ ಇಡಬಹುದು.

ಇದರಿಂದ ಏನು ಉಪಯೋಗ ಅಂತೀರಾ? ನನ್ನ ಫಾಲೋವರ್‌ಗಳಲ್ಲಿ ಅತ್ತಿಗೆ, ಚಿಕ್ಕಮ್ಮ, ಕಾಲೇಜಿನ ಗೆಳತಿಯರು, ಹಳೇ ಗಿರಾಕಿಗಳು ಇದ್ದಾರೆ. ನಾನು ಏನು ಹಾಕಿದರೂ ಲೈಕ್ ಒತ್ತುತ್ತಾರೆ. ಅದು ಪ್ರೀತಿ. ಆದರೆ ರೀಲ್ ಹೇಗಿದೆ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಗುರುತು ಪರಿಚಯ ಇಲ್ಲದವರು ಬೆರಳು ತಡೆದು ನೋಡಿದರೆ ಅದು ಬೇರೆ ಮಾತು.

ಒಂದೇ ವಾರದಲ್ಲಿ ಎರಡು ರೀಲ್ ಟ್ರಯಲ್‌ಗೆ ಹಾಕಿದೆ. ಮೊದಲನೆಯದರಲ್ಲಿ ತೇರು, ಆನೆ ಹೆಜ್ಜೆ ವಿನ್ಯಾಸದ ಖಣಗಳನ್ನು ಸಾಲಾಗಿ ಹರಡಿದ್ದೆ. ಬೆಳಕು ಚೆನ್ನಾಗಿತ್ತು, ಹಾಡೂ ಇತ್ತು. ಎರಡನೆಯದು ನಮಗೆ ನೇಯ್ದು ಕೊಡುವ ಕಾಕಾ ಅವರ ಕುಣಿ ಮಗ್ಗದಲ್ಲಿ (ನೆಲದ ಕುಣಿಯಲ್ಲಿ ಕಾಲು ಬಿಟ್ಟು ನೇಯುವ ಮಗ್ಗ) ತೆಗೆದದ್ದು. ನೇಯುತ್ತಿರುವಾಗಲೇ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ ಒಂದು ಎಳೆ ಹರಿಯಿತು. ಅವರು ಅಡ್ಡ ನೂಲು ಒಯ್ಯುವ ಲಾಳಿ ನಿಲ್ಲಿಸಿದರು. ಅಷ್ಟು ಎಳೆಗಳ ನಡುವೆ ಹರಿದ ಎರಡು ತುದಿಗಳನ್ನು ಹುಡುಕಿದರು. ಎರಡನ್ನೂ ಸೇರಿಸಿ ಹೊಸೆದರು. ಎಳೆದು ನೋಡಿ ಮತ್ತೆ ಲಾಳಿ ಬಿಟ್ಟರು. ಹಾಡಿಲ್ಲ, ಮಗ್ಗದ ಸದ್ದು ಮಾತ್ರ. “ಎಳಿ ಹರದದ್ದ ಯಾಕ ತೋರಸ್ತಿ ತಂಗಿ, ಚಂದ ಅರಿವಿ ತೋರಸ” ಅಂದರು ಕಾಕಾ. ಆ ಮಾತನ್ನೂ ರೀಲಿನಲ್ಲಿ ಹಾಗೇ ಬಿಟ್ಟೆ.

ಮೊದಲನೆಯದಕ್ಕೆ ಲೈಕ್ ಬಂದವು, ಅಷ್ಟೇ. ಎರಡನೆಯದನ್ನು ಜನ ಕೊನೆಯವರೆಗೂ ನೋಡಿದರು, ಬೇರೆಯವರಿಗೆ ಕಳಿಸಿದರು. ಸೊಲ್ಲಾಪುರದ ಕಡೆಯವರೊಬ್ಬರು, “ನಮ್ಮ ಅಜ್ಜಿ ಖಣದ ಕುಪ್ಪಸ ಬಿಟ್ಟು ಬೇರೆ ತೊಡುತ್ತಿರಲಿಲ್ಲ, ಈ ರೀಲನ್ನು ಅಮ್ಮನಿಗೆ ಕಳಿಸಿದ್ದೇನೆ” ಅಂತ ಬರೆದರು. ರೀಲ್ ಓಡುವುದು ಹೀಗೆ ಅಂತ ನನಗೆ ಅನ್ನಿಸಿದೆ. ಎಲ್ಲರಿಗೂ ಚಂದ ಕಂಡರೆ ಸಾಲದು. ನೋಡಿದವರಿಗೆ ‘ಇದನ್ನು ಇಂಥವರಿಗೆ ತೋರಿಸಬೇಕು’ ಅಂತ ಒಂದು ಮುಖ ನೆನಪಾಗಬೇಕು.

ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೇರಿ 2025ರ ಜನವರಿಯಲ್ಲಿ ಹೇಳಿದ್ದೂ ಇದಕ್ಕೆ ಹೊಂದುತ್ತದೆ. ಎಷ್ಟು ಹೊತ್ತು ನೋಡಿದರು, ನೋಡಿದವರಲ್ಲಿ ಎಷ್ಟು ಜನ ಲೈಕ್ ಮಾಡಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು, ಈ ಮೂರು ತುಂಬಾ ಮುಖ್ಯ ಅಂದಿದ್ದರು. ಹೊಸಬರನ್ನು ಮುಟ್ಟಬೇಕಾದರೆ ಲೈಕಿಗಿಂತ ಕಳಿಸುವುದಕ್ಕೇ ತೂಕ ಜಾಸ್ತಿ. ಹಾಗಾಗಿ ಟ್ರಯಲ್ ಲೆಕ್ಕದಲ್ಲಿ ನಾನು ಮೊದಲು ನೋಡುವುದು ‘ಶೇರ್’ ಕಾಲಂ.

ಭಾವನೆಯ ಪಾತ್ರವೂ ಇದೆ. ಜೋನಾ ಬರ್ಗರ್ ಮತ್ತು ಕ್ಯಾಥರಿನ್ ಮಿಲ್ಕ್‌ಮನ್ ಅನ್ನುವ ಸಂಶೋಧಕರು ನ್ಯೂಯಾರ್ಕ್ ಟೈಮ್ಸ್‌ ಪತ್ರಿಕೆಯ ಸುಮಾರು 7,000 ಲೇಖನ ಪರಿಶೀಲಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೆರಗು, ಸಿಟ್ಟು, ಆತಂಕ ಹುಟ್ಟಿಸಿದ ಲೇಖನಗಳನ್ನು ಜನ ಜಾಸ್ತಿ ಹಂಚಿದ್ದರು. ಬರೀ ದುಃಖ ತರುವಂಥವನ್ನು ಕಡಿಮೆ. ನಮ್ಮಲ್ಲಿ ಕೆಲವರು ‘ನೇಕಾರಿಕೆ ಸಾಯುತ್ತಿದೆ’ ಅಂತ ಅಳುವ ಸಂಗೀತ ಹಾಕಿ ರೀಲ್ ಮಾಡುತ್ತಾರೆ. ಕಷ್ಟ ಇರುವುದು ನಿಜ. ಆದರೆ ಕಾಕಾ ಅವರ ಬೆರಳಿನ ಚಳಕ ತೋರಿಸಿ, ಜನ ಬೆರಗಾಗುತ್ತಾರೆ. ಸಿಟ್ಟು ಬರಿಸಿಯೂ ವೈರಲ್ ಆಗಬಹುದು, ಅದು ನನಗೆ ಬೇಡ. ಜಗಳ ನೋಡಲು ಬಂದವರು ಖಣ ಕೊಳ್ಳುವುದಿಲ್ಲ.

ಟ್ರಯಲ್ ಗೆದ್ದರೆ ಮುಂದೆ ಓಡಿಯೇ ಓಡುತ್ತದೆ ಅಂತ ಮಾತ್ರ ತಿಳಿಯಬೇಡಿ. 2006ರಲ್ಲಿ ಸಾಲ್ಗನಿಕ್, ಡಾಡ್ಸ್, ವಾಟ್ಸ್ ಅನ್ನುವ ಸಂಶೋಧಕರು 14,000ಕ್ಕೂ ಜಾಸ್ತಿ ಜನರಿಗೆ ಹೆಸರು ಕೇಳದ 48 ಹಾಡು ಕೇಳಿಸಿದ್ದರು. ಬೇರೆಯವರ ಆಯ್ಕೆ ಕಾಣುವಂತೆ ಜನರನ್ನು ಎಂಟು ಗುಂಪು ಮಾಡಿದಾಗ, ಒಂದು ಗುಂಪಿನಲ್ಲಿ ಮೇಲೆದ್ದ ಹಾಡು ಇನ್ನೊಂದರಲ್ಲಿ ಮಂಕಾಯಿತು. ತೀರಾ ಚೆನ್ನಾಗಿರುವುದು ನೆಲ ಕಚ್ಚುವುದು ಅಪರೂಪ, ಆದರೆ ಮೊದಲು ನೋಡಿದ ನಾಲ್ಕು ಜನ ಯಾರು ಅನ್ನುವುದರ ಮೇಲೆ ಬಹಳ ನಿಂತಿದೆ. ಅದಕ್ಕೇ ಟ್ರಯಲ್‌ನಲ್ಲಿ ಬಿದ್ದ ರೀಲನ್ನು ನಾನು ಎಸೆಯುವುದಿಲ್ಲ. ಮೊದಲ ಮೂರು ಸೆಕೆಂಡ್ ಬದಲಿಸಿ ಮತ್ತೆ ಹಾಕುತ್ತೇನೆ.

ಕೊರತೆಯೂ ಇದೆ. ಪರ್ಸನಲ್ ಅಕೌಂಟ್ ಇದ್ದವರಿಗೆ ಇದು ಸಿಗುವುದಿಲ್ಲ, ಪ್ರೊಫೆಷನಲ್ ಅಕೌಂಟ್ ಮಾಡಿಕೊಳ್ಳಬೇಕು. ಶುರುವಿನಲ್ಲಿ ಕನಿಷ್ಠ 1,000 ಫಾಲೋವರ್ ಇದ್ದವರಿಗಷ್ಟೇ ಕೊಟ್ಟಿದ್ದರು. ಯಾರಾದರೂ ಮೆಸೇಜಿನಲ್ಲಿ ಕಳಿಸಿದರೆ ನಮ್ಮ ಫಾಲೋವರ್‌ಗಳಿಗೂ ಟ್ರಯಲ್ ರೀಲ್ ಕಾಣಬಹುದು, ಆದ್ದರಿಂದ ಗುಟ್ಟಾಗಿರಬೇಕಾದ್ದನ್ನು ಇದರಲ್ಲಿ ಹಾಕಬೇಡಿ.

ಕೈಮಗ್ಗದವರು ತಾನಾಗಿ ಎಲ್ಲರಿಗೂ ಹೋಗುವ ಆಯ್ಕೆಯನ್ನು ಆಫ್ ಮಾಡಿಡಿ. ರೀಲ್ ಓಡಿತು ಅಂತ ಮಗ್ಗ ಜೋರಾಗಿ ಓಡುವುದಿಲ್ಲ. ಮನೆಯಲ್ಲಿ ಎಷ್ಟು ಖಣ ಇದೆ ಎಣಿಸಿ, ಹೊಸದು ನೇಯಲು ಎಷ್ಟು ದಿನ ಬೇಕು ಅಂತ ನೇಕಾರರನ್ನು ಕೇಳಿ. ಅದನ್ನು ರೀಲಿನ ಕೆಳಗೆ ಬರೆದು, ಆಮೇಲೆ ಎಲ್ಲರಿಗೂ ಬಿಡಿ.