ಯುದ್ಧ ತಡೆಯಲು ಬೀದಿ ಮೆರವಣಿಗೆಯೋ, ಸಂಸದರ ಮೇಲಿನ ಒತ್ತಡವೋ?

ಮೆರವಣಿಗೆ ಬೇಗ ಸುದ್ದಿಯಾಗುತ್ತದೆ, ಅಷ್ಟೇ ಬೇಗ ಕರಗುತ್ತದೆ. 2003ರ ಫೆಬ್ರವರಿ 15ರಂದು ಲಂಡನ್ನಿನಲ್ಲಿ ಲಕ್ಷಾಂತರ ಜನ ಸೇರಿದರೂ ಮಾರ್ಚ್‌ನಲ್ಲಿ ಇರಾಕ್ ಮೇಲೆ ದಾಳಿ ನಡೆದೇ ಹೋಯಿತು. ಬ್ರಿಟನ್ನಿನ ಪಡೆಗಳು ಆಗಲೇ ಇರಾಕಿನ ನೆರೆಯ ಕುವೈತಿನತ್ತ ಹೊರಟಿದ್ದವು. ಮುಖ್ಯ ವಿರೋಧ ಪಕ್ಷವೂ ಯುದ್ಧದ ಪರವಾಗಿದ್ದರಿಂದ, ಆಳುವ ಲೇಬರ್ ಪಕ್ಷದ 139 ಸಂಸದರು ಬಂಡೆದ್ದರೂ ಪ್ರಧಾನಿ ಟೋನಿ ಬ್ಲೇರ್ ಸಂಸತ್ತಿನ ಮತದಾನದಲ್ಲಿ ಗೆದ್ದರು.

ಸಂಸದರ ಬೆನ್ನು ಬೀಳುವುದು ಬೇಸರದ ಕೆಲಸ, ಆದರೆ ಹಿಡಿತ ಸಿಗುವುದು ಅಲ್ಲೇ. ಮುಂದಿನ ಮತದಾನ ಯಾವಾಗ, ಯಾವ ಮಸೂದೆ ಎಂದು ಮೊದಲು ನೋಡಿ. ಅತ್ತಿತ್ತ ಓಲಾಡುವ ಸದಸ್ಯರನ್ನಷ್ಟೇ ಪಟ್ಟಿ ಮಾಡಿ, ಅವರದೇ ಕ್ಷೇತ್ರದ ಮತದಾರರಿಂದ ಮಾತಾಡಿಸಿ. ಬೇಡಿಕೆ ಒಂದೇ ಇರಲಿ. ‘ಶಾಂತಿ ಬೇಕು’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ‘ಹಣ ನಿಲ್ಲಿಸಿ’ ಎಂದರೆ ಹೌದೋ ಅಲ್ಲವೋ ಹೇಳಲೇಬೇಕು. ಅಮೆರಿಕದ ಕಾಂಗ್ರೆಸ್ ಹಣ ನಿಲ್ಲಿಸಿದ್ದರಿಂದಲೇ 1973ರ ಆಗಸ್ಟ್ 15ಕ್ಕೆ ಕಾಂಬೋಡಿಯಾ ಮೇಲಿನ ಬಾಂಬ್ ದಾಳಿ ನಿಂತದ್ದು. ಅದರ ಹಿಂದೆ ವರ್ಷಗಳ ಬೀದಿ ಹೋರಾಟವಿತ್ತೆನ್ನಿ.

ಮತದಾನ ದೂರವಿದ್ದರೆ ಬೀದಿಗಿಳಿಯಿರಿ, ವಾರಗಳಷ್ಟೇ ಉಳಿದಿದ್ದರೆ ಸಂಸದರನ್ನು ಹಿಡಿಯಿರಿ. 2013ರಲ್ಲಿ ಸಿರಿಯಾ ವಿರುದ್ಧದ ಸೇನಾ ಕ್ರಮ ಬ್ರಿಟನ್ ಸಂಸತ್ತಿನಲ್ಲಿ ಬಿದ್ದದ್ದು ಬರೀ 13 ಮತಗಳಿಂದ.