ಮಾನಸಗಂಗೋತ್ರಿ: ನೆರಳಿಗೆ ಪೂರ್ತಿ ಅಂಕ, ನಲ್ಲಿಯನ್ನು ಮಾತ್ರ ನೀವೇ ತಿರುಗಿಸಿ ನೋಡಿ

ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಅದರ ಸ್ನಾತಕೋತ್ತರ ವಿಭಾಗಗಳಿರುವ 739 ಎಕರೆಗೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುವೆಂಪು. ಪ್ರವೇಶದ ದಿನಗಳಲ್ಲಿ ಎಲ್ಲರೂ ಕೇಳುವುದು ‘ಅಲ್ಲಿ ಸೌಲಭ್ಯ ಹೇಗಿದೆ?’ ಎಂದು. ಇದಕ್ಕೆ ಒಂದೇ ಮಾತಿನ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ಹಿಂದಿನವರು ಬಿಟ್ಟುಹೋದದ್ದು, ಎಂದರೆ ಜಾಗ, ಮರ, ಕೆರೆ, ಮೈದಾನ, ಇವೆಲ್ಲ ಮೊದಲ ದರ್ಜೆಯವು. ದಿನಾ ಕೈಗೆ ಸಿಗುವ ನಲ್ಲಿ, ಚಿಲಕ, ಪ್ಲಗ್ ಪಾಯಿಂಟುಗಳ ವಿಷಯ ಬೇರೆ. ಇಷ್ಟು ದೊಡ್ಡ ಕ್ಯಾಂಪಸ್ಸಿನಲ್ಲಿ ಅವು ವಿಭಾಗದಿಂದ ವಿಭಾಗಕ್ಕೆ, ಹಾಸ್ಟೆಲಿನಿಂದ ಹಾಸ್ಟೆಲಿಗೆ ಬದಲಾಗುತ್ತವೆ. ನಿಮ್ಮ ವಿಭಾಗವನ್ನೂ ನಿಮಗೆ ಸಿಗುವ ಹಾಸ್ಟೆಲನ್ನೂ ನೀವೇ ನೋಡಬೇಕು.

ಹೊರಗಿನದನ್ನು ಮೊದಲು ಹೇಳಿಬಿಡೋಣ. ಕುಕ್ಕರಹಳ್ಳಿ ಕೆರೆ ಪಕ್ಕದಲ್ಲೇ ಇರುವುದರಿಂದ ಬೆಳಿಗ್ಗೆ ಸಂಜೆ ನಡೆಯಲು ಬೇರೆ ಜಾಗ ಹುಡುಕಬೇಕಿಲ್ಲ. ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ 2010ರ ಜನವರಿಯಲ್ಲಿ ರಣಜಿ ಫೈನಲ್ಲೇ ನಡೆದಿದೆ. ಕರ್ನಾಟಕ ಮುಂಬೈಗೆ ಬರೀ 6 ರನ್ನಿನಿಂದ ಸೋತ ಪಂದ್ಯ ಅದು. ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ಈ ಕ್ಯಾಂಪಸ್ಸಿನ ಕಳಶ. 1905ರ ಆ ಅರಮನೆಯನ್ನು ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಒಮ್ಮೆ ದುರಸ್ತಿ ಮಾಡಿದ್ದಾಗಿದೆ. ಆಮೇಲೆ ಮತ್ತೆ ದುರಸ್ತಿಯ ಮಾತು ಎದ್ದಿತು. ಮರದ ಕೆಲಸ ಹೆಚ್ಚಿರುವ ಹಳೇ ಕಟ್ಟಡಕ್ಕೆ ಒಂದು ಸಲದ ದೊಡ್ಡ ಮೊತ್ತ ಸಾಲದು. ಪ್ರತಿ ವರ್ಷ ಮಳೆಗೆ ಮುಂಚೆ ತಾರಸಿಯ ಎಲೆ ಗುಡಿಸಬೇಕು, ನೀರು ಇಳಿಯುವ ಕೊಳವೆಗಳ ಕಸ ತೆಗೆಯಬೇಕು. ಅಷ್ಟು ಬಿಟ್ಟರೆ ನೀರು ತಾರಸಿಯಲ್ಲಿ ನಿಂತು ತೊಲೆಯ ತುದಿಗೆ ಇಳಿಯುತ್ತದೆ, ಹಿಂದೆಯೇ ಗೆದ್ದಲು ಬರುತ್ತದೆ.

ಒಂದು ಅನನುಕೂಲ ಖಂಡಿತ ಇದೆ: ದೂರ. ವಿಭಾಗ, ಗ್ರಂಥಾಲಯ, ಹಾಸ್ಟೆಲ್ ಒಂದರ ಪಕ್ಕ ಒಂದಿಲ್ಲ. ಆಡಳಿತ ಕಚೇರಿಯಂತೂ ಕ್ಯಾಂಪಸ್ಸಿನ ಹೊರಗೆ, ಕ್ರಾಫರ್ಡ್ ಹಾಲಿನಲ್ಲಿದೆ. ಒಂದು ಸೈಕಲ್ ಇಟ್ಟುಕೊಂಡರೆ ಎರಡು ವರ್ಷ ನೆಮ್ಮದಿ.

ಇನ್ನು ಕುಡಿಯುವ ನೀರು. ಯಾವ ಕ್ಯಾಂಪಸ್ಸಿನಲ್ಲಾದರೂ ಸರಿ, ಮೊದಲು ನೋಡಬೇಕಾದದ್ದು ಇದೇ. ಫಿಲ್ಟರ್ ಮೇಲೆ ಕೊನೆಯ ಸರ್ವೀಸಿನ ದಿನಾಂಕ ಬರೆದ ಚೀಟಿ ಇದೆಯೇ ನೋಡಿ. ಮಣ್ಣು ತಡೆಯುವ ಕ್ಯಾಂಡಲ್ ಮತ್ತು ಕಾರ್ಬನ್ ಕಾರ್ಟ್ರಿಜ್ 3ರಿಂದ 6 ತಿಂಗಳಿಗೆ ಬದಲಾಗಬೇಕು, ಆರ್‌ಒ ಮೆಂಬ್ರೇನ್ ಒಂದೆರಡು ವರ್ಷಕ್ಕೆ. ಜೇಬಿನಲ್ಲಿಡುವ ಟಿಡಿಎಸ್ ಪೆನ್ ಇದ್ದರೆ ಅದ್ದಿ ನೋಡಿ. ಕುಡಿಯುವ ನೀರಿಗೆ ಬಿಐಎಸ್ ಹೊರಡಿಸಿದ ಐಎಸ್ 10500 ಮಾನದಂಡದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಒಳಗೆ ಇದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಸಹಿಸಬಹುದು. ಆದರೆ ಪೆನ್ ತೋರಿಸುವುದು ಕರಗಿದ ಲವಣವನ್ನಷ್ಟೇ, ರೋಗಾಣುಗಳನ್ನಲ್ಲ. ಕಾರ್ಬನ್ ಹಂತ ನೀರಿನ ಕ್ಲೋರಿನ್ ಹೀರಿಕೊಳ್ಳುತ್ತದೆ. ಆಮೇಲೆ ಆ ನೀರು ಕೂಲರಿನ ತೊಟ್ಟಿಯಲ್ಲಿ ಕಾವಲಿಲ್ಲದೆ ನಿಲ್ಲುತ್ತದೆ. ತೊಟ್ಟಿ ತೊಳೆಯದಿದ್ದರೆ ಒಳಗೆ ಲೋಳೆ ಕಟ್ಟಿ, ಶುದ್ಧವಾಗಿ ಬಂದ ನೀರು ಅಲ್ಲಿಯೇ ಕೆಡುತ್ತದೆ. ನಲ್ಲಿಯ ಬಾಯಿಗೆ ಬೆರಳಿಟ್ಟು ನೋಡಿ, ಜಾರಿದರೆ ಬೇರೆ ನಲ್ಲಿಗೆ ಹೋಗಿ. ಅನುಮಾನ ಉಳಿದರೆ ನೀರಿನ ರೋಗಾಣು ಪರೀಕ್ಷೆಗೆ ಬಳಸುವ ಎಚ್‌ಟುಎಸ್ ಬಾಟಲಿ ತರಿಸಿ ಗೆರೆಯವರೆಗೆ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿಡಿ. 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಆ ನೀರಿಗೆ ಮಲದ ಸೋಂಕು ತಗುಲಿರಬಹುದೆಂದು ತಿಳಿದು ಕುಡಿಯುವುದನ್ನು ನಿಲ್ಲಿಸಿ, ಬರಹದಲ್ಲೇ ದೂರು ಕೊಡಿ.

ಶೌಚಾಲಯಗಳನ್ನು ಬೆಳಿಗ್ಗೆ ನೋಡಬೇಡಿ, ಆಗ ತಾನೇ ತೊಳೆದಿರುತ್ತಾರೆ. ಮಧ್ಯಾಹ್ನ ನಾಲ್ಕಕ್ಕೆ ಹೋಗಿ. ಫಿನಾಯಿಲ್ ಹಾಕಿದರೂ ನಾತ ಹೋಗದಿದ್ದರೆ ತಪ್ಪು ತೊಳೆಯುವವರದಲ್ಲ. ನೆಲದ ಜಾಲರಿಯ ಕೆಳಗಿರುವ ಟ್ರ್ಯಾಪಿನಲ್ಲಿ ನೀರು ಒಣಗಿರುತ್ತದೆ. ಚರಂಡಿಯ ಗಾಳಿಯನ್ನು ತಡೆಯುವುದು ಅಲ್ಲಿ ನಿಂತ ಎರಡಿಂಚು ನೀರು ಮಾತ್ರ. ಬೇಸಿಗೆ ರಜೆಯ ನಂತರ ಈ ಗೋಳು ಹೆಚ್ಚು. ಜಾಲರಿಗೆ ಒಂದು ಬಕೆಟ್ ನೀರು ಹುಯ್ದರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ಪ್ಯಾಡ್ ಸುಡುವ ಯಂತ್ರ ಗೋಡೆಯ ಮೇಲಿದ್ದರೆ ಸಾಲದು, ಸ್ವಿಚ್ ಹಾಕಿ ದೀಪ ಹತ್ತುತ್ತದೆಯೇ ನೋಡಿ. ಮುಚ್ಚಳವಿರುವ ಕಸದ ಡಬ್ಬಿ ಮತ್ತು ಒಳಗಿನ ಚಿಲಕ ಅದಕ್ಕಿಂತ ಮುಖ್ಯ. ಚಿಲಕವಿಲ್ಲದ ಬಾಗಿಲಿಗೆ ಹೆದರಿ ದಿನವಿಡೀ ನೀರು ಕುಡಿಯದೆ ಇರುವ ಹುಡುಗಿಯರಿದ್ದಾರೆ. ಐವತ್ತು ರೂಪಾಯಿಯ ಸಾಮಾನಿನ ಕೊರತೆಯಿಂದ ಮೂತ್ರದ ಸೋಂಕು ಬರುವುದು ಯಾವ ವಿಶ್ವವಿದ್ಯಾನಿಲಯಕ್ಕೂ ಶೋಭೆಯಲ್ಲ.

ಹಾಸ್ಟೆಲಿನಲ್ಲಿ ಎಣಿಸುವುದು ಸುಲಭ. ರೂಢಿಯ ಮಾನದಂಡದಂತೆ ಗಂಡುಮಕ್ಕಳಿಗೆ 8 ಜನಕ್ಕೊಂದು, ಹೆಣ್ಣುಮಕ್ಕಳಿಗೆ 6 ಜನಕ್ಕೊಂದು ಶೌಚಾಲಯ ಬೇಕು. ತಲೆಗೆ ದಿನಕ್ಕೆ 135 ಲೀಟರ್ ನೀರು. ಕೆಟ್ಟು ನಿಂತವನ್ನು ಬಿಟ್ಟು ಎಣಿಸಿ. ಸೋಲಾರ್ ಇದ್ದೂ ಬಿಸಿನೀರು ಬರುತ್ತಿಲ್ಲ ಎಂಬ ದೂರು ಎಲ್ಲ ಕಡೆ ಇರುವುದೇ. ಬಹಳ ಸಲ ಕಾರಣ ಪೈಪು: ಒಂದಿಂಚಿನ ಪೈಪು 20 ಮೀಟರ್ ಉದ್ದವಿದ್ದರೆ ಅದರಲ್ಲೇ ಸುಮಾರು 10 ಲೀಟರ್ ತಣ್ಣೀರು ಕೂತಿರುತ್ತದೆ. ತಾರಸಿಗೆ ಹತ್ತಿರದ ಮಹಡಿಗೆ ಬೇಗ ಬಿಸಿ ಬರುತ್ತದೆ, ನೆಲಮಹಡಿಯವರು ಅರ್ಧ ಬಕೆಟ್ ಚೆಲ್ಲಿ ಕಾಯುತ್ತಾರೆ. ಪೈಪಿಗೆ ಶಾಖ ತಡೆಯುವ ಹೊದಿಕೆ ಸುತ್ತಿಸಿದರೆ ಪೈಪಿನೊಳಗಿನ ನೀರು ಬೇಗ ಆರದು. ಬೋರ್‌ವೆಲ್ ನೀರಾದರೆ ಸುಣ್ಣ ಕಟ್ಟುತ್ತದೆ, ಆಗಾಗ ತೆಗೆಸಬೇಕು. ಕೋಣೆ ಆರಿಸುವ ಅವಕಾಶ ಇದ್ದರೆ ಮೇಲಿನ ಮಹಡಿ ಕೇಳಿ, ಬೇಸಿಗೆಯ ಸೆಕೆಗೆ ಮಾತ್ರ ತಯಾರಿರಿ.

ವೈಫೈಯನ್ನು ವರಾಂಡದಲ್ಲಿ ಪರೀಕ್ಷಿಸಿ ಮೋಸಹೋಗಬೇಡಿ. ರಾತ್ರಿ ಒಂಬತ್ತಕ್ಕೆ, ಕೋಣೆಯ ಬಾಗಿಲು ಹಾಕಿಕೊಂಡು ನೋಡಬೇಕು. ವರಾಂಡದ ಒಂದೇ ಪೆಟ್ಟಿಗೆಗೆ ಎಲ್ಲರ ಫೋನು ಜೋಡಣೆಯಾಗಿ, ನಡುವೆ ದಪ್ಪ ಗೋಡೆಯೂ ಇದ್ದರೆ ಕಡ್ಡಿಗಳು ಪೂರ್ತಿ ಕಂಡರೂ ಪುಟ ತೆರೆಯದು. ಗ್ರಂಥಾಲಯದಲ್ಲಿ ಪುಸ್ತಕದ ಸಂಖ್ಯೆಗಿಂತ ಮೊದಲು ಎರಡು ಪ್ರಶ್ನೆ ಕೇಳಿ: ಓದುವ ಕೋಣೆ ಪರೀಕ್ಷೆ ಸಮಯದಲ್ಲಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಮನೆಯಿಂದಲೇ ಇ-ಜರ್ನಲ್ ಓದಲು ಇನ್‌ಫೆಡ್ (ಇನ್‌ಫ್ಲಿಬ್‌ನೆಟ್ ಸಂಸ್ಥೆಯ ದೂರಪ್ರವೇಶ ವ್ಯವಸ್ಥೆ) ಲಾಗಿನ್ ಕೊಡುತ್ತಾರೆಯೇ. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರಲ್ಲಿ ಶುರುವಾದ ಮೇಲೆ ಸರ್ಕಾರಿ ವಿಶ್ವವಿದ್ಯಾನಿಲಯಗಳಿಗೆ 13,000ದಷ್ಟು ಜರ್ನಲ್‌ಗಳ ಬಾಗಿಲು ತೆರೆದಿದೆ. ಸಂಶೋಧನೆ ಮಾಡುವವರು ಇದನ್ನು ಮೊದಲ ವಾರವೇ ಕೇಳಿ ಪಡೆಯಿರಿ.

ಗಾಲಿಕುರ್ಚಿ ಬಳಸುವವರು ವಿಭಾಗಕ್ಕೆ ಮುಂಚೆಯೇ ಬಂದು ಇಳಿಜಾರು ಅಳೆಯುವುದು ಒಳ್ಳೆಯದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಆರೇ ಅಡಿಯಲ್ಲಿ ಹತ್ತಿಸಿದ್ದರೆ ಅದನ್ನು ಒಬ್ಬರೇ ಏರಲಾಗದು, ಇಳಿಯುವುದು ಇನ್ನೂ ಅಪಾಯ. ತರಗತಿ ನೆಲಮಹಡಿಗೆ ಬದಲಾಯಿಸಿಕೊಡಿ ಎಂದು ಅರ್ಜಿ ಕೊಡಿ, ಅದು ನಿಮ್ಮ ಹಕ್ಕು.

ಹೊರಡುವ ಮುನ್ನ ಹಾಸ್ಟೆಲ್ ಕಚೇರಿಯಲ್ಲಿ ದೂರು ಪುಸ್ತಕ ಕೇಳಿ. ‘ನಲ್ಲಿ ಸೋರುತ್ತಿದೆ’ ಎಂದು ಬರೆದ ತಾರೀಖಿಗೂ ‘ಸರಿಪಡಿಸಲಾಗಿದೆ’ ಎಂದು ಸಹಿ ಬಿದ್ದ ತಾರೀಖಿಗೂ ಮೂರು ದಿನದ ಅಂತರವಿದ್ದರೆ ಧೈರ್ಯವಾಗಿ ಸೇರಿ. ಪುಸ್ತಕವೇ ಇಲ್ಲ ಎಂದರೆ, ನಿಮ್ಮ ಬ್ಯಾಚಿನವರೇ ನೂರು ಪುಟದ ನೋಟ್‌ಬುಕ್ಕೊಂದನ್ನು ದಾರ ಕಟ್ಟಿ ಅಲ್ಲಿ ತೂಗುಹಾಕಿ, ವಾರ್ಡನ್ನರಿಂದ ವಾರಕ್ಕೊಮ್ಮೆ ಸಹಿ ಹಾಕಿಸಿ.