ಇಪ್ಪತ್ತೈದು ವರ್ಷ ಕೇಳಿದ ಮೇಲೆ: ಯೂಟೂ ಬ್ಯಾಂಡಿನ ‘ದಿ ಜೋಶುವಾ ಟ್ರೀ’

ಈ ಆಲ್ಬಂ ಇಪ್ಪತ್ತೈದು ವರ್ಷದಿಂದ ನನ್ನ ಜೊತೆ ಇದೆ. ಮೊದಲು ಕ್ಯಾಸೆಟ್, ಅದರ ಟೇಪು ಸವೆದ ಮೇಲೆ ಸಿ.ಡಿ., ಈಗ ಫೋನು. ತಿಂಗಳಿಗೊಮ್ಮೆಯಾದರೂ ಹನ್ನೊಂದು ಹಾಡನ್ನೂ ಸಾಲಾಗಿ ಕೇಳುತ್ತೇನೆ. ಸುಮಾರು 50 ನಿಮಿಷ, ಅಷ್ಟೇ.

1987ರ ಮಾರ್ಚ್‌ನಲ್ಲಿ ಬಂದದ್ದು. ಯೂಟೂ ಅಂದರೆ ಐರ್ಲೆಂಡಿನ ಡಬ್ಲಿನ್‌ನ ನಾಲ್ವರ ರಾಕ್ ಬ್ಯಾಂಡ್, ನಿರ್ಮಾಪಕರಾಗಿ ಬ್ರಯಾನ್ ಈನೋ ಮತ್ತು ಡೇನಿಯಲ್ ಲನ್ವಾ. ಮೊದಲ ಹಾಡಿನ ಶುರುವಿನಲ್ಲಿ ದೂರದಲ್ಲೆಲ್ಲೋ ಆರ್ಗನ್ ಕೇಳಿಸುತ್ತದೆ, ನಿಧಾನಕ್ಕೆ ಹತ್ತಿರ ಬರುತ್ತದೆ, ಆಮೇಲೆ ಬ್ಯಾಂಡಿನ ಗಿಟಾರ್ ವಾದಕ ಎಡ್ಜ್‌ನ ಗಿಟಾರ್. ನುಡಿಸಿದ ಸ್ವರವನ್ನು ತುಸು ತಡವಾಗಿ ಮತ್ತೆ ಕೇಳಿಸುವ ‘ಡಿಲೇ’ ಹಾಕಿರುವುದರಿಂದ ಒಂದು ಸ್ವರದ ಬೆನ್ನಿಗೇ ಇನ್ನೊಂದು ಓಡಿ ಬಂದ ಹಾಗಿರುತ್ತದೆ. ಅಲ್ಲಿಗೆ ಬಂದಾಗ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಎರಡನೇ ಹಾಡು ‘ಐ ಸ್ಟಿಲ್ ಹ್ಯಾವಂಟ್ ಫೌಂಡ್ ವಾಟ್ ಐ ಆಮ್ ಲುಕಿಂಗ್ ಫಾರ್’. ಧಾಟಿ ಗಾಸ್ಪೆಲ್‌ನದು, ಅಂದರೆ ಚರ್ಚಿನ ಭಕ್ತಿಗೀತೆಯದು. ಬ್ಯಾಂಡಿನ ಗಾಯಕ ಬೋನೋ ನಂಬುತ್ತೇನೆ ಅಂತಾನೆ, ಶಿಲುಬೆಯ ಮಾತಾಡುತ್ತಾನೆ, ಆದರೂ ಹುಡುಕುತ್ತಿರುವುದು ಇನ್ನೂ ಸಿಕ್ಕಿಲ್ಲ ಅಂತಲೇ ಹಾಡುತ್ತಾನೆ. ಚಿಕ್ಕವನಿದ್ದಾಗ ಇದು ದೇವರ ಮೇಲಿನ ನಂಬಿಕೆ ಕಳೆದುಕೊಂಡವನ ಹಾಡು ಅಂದುಕೊಂಡಿದ್ದೆ. ನಂಬದವನು ಇಷ್ಟು ಹಟ ಹಿಡಿದು ಯಾಕೆ ಹುಡುಕುತ್ತಾನೆ, ಅಲ್ವಾ? ಇದು ಹೊಳೆಯಲು ನನಗೆ ಹತ್ತು ವರ್ಷ ಬೇಕಾಯಿತು. ಆಮೇಲೆ ಗಾಸ್ಪೆಲ್ ಗಾಯಕರ ತಂಡದ ಜೊತೆಗೂ ಇದನ್ನು ಹಾಡಿದ್ದಾರೆ, ಅದನ್ನೂ ಕೇಳಿ.

ಮೊದಲ ಮೂರು ಹಾಡು ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದಿಟ್ಟಿರುವುದು ದ್ವಿತೀಯಾರ್ಧ. ಅದರಲ್ಲೂ ‘ಒನ್ ಟ್ರೀ ಹಿಲ್’. ಬ್ಯಾಂಡಿನ ಜೊತೆ ಕೆಲಸ ಮಾಡುತ್ತಿದ್ದ ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿ ಜನಾಂಗದ ಗೆಳೆಯ ಗ್ರೆಗ್ ಕ್ಯಾರಲ್ 1986ರಲ್ಲಿ ಡಬ್ಲಿನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. ಅವನಿಗಾಗಿ ಬರೆದ ಹಾಡು. ಬೋನೋ ಒಂದೇ ಸಲಕ್ಕೆ ಹಾಡಿ ಮುಗಿಸಿದ, ಇನ್ನೊಂದು ಸಲ ಹಾಡುವುದು ಅವನಿಂದ ಆಗುತ್ತಿರಲಿಲ್ಲ. ಆರು ವರ್ಷದ ಹಿಂದೆ ನನ್ನ ಗೆಳೆಯ ಹೋದಾಗ ಯಾರ ಸಮಾಧಾನದ ಮಾತೂ ನನಗೆ ಹಿಡಿಸಲಿಲ್ಲ. ಈ ಹಾಡನ್ನು ಮಾತ್ರ ರಾತ್ರಿಯೆಲ್ಲ ಕೇಳಿದೆ. ಇದು ಸಮಾಧಾನ ಹೇಳಲು ಬರುವುದಿಲ್ಲ, ಸುಮ್ನೆ ಜೊತೆಗೆ ಕೂತು ಅಳುತ್ತದೆ. ಮುಗಿಯಿತು ಅಂದುಕೊಂಡಾಗ, ತಾಳ ನಿಂತ ಮೇಲೆ, ದನಿಗಳು ಸಮುದ್ರವನ್ನು ಕರೆಯುತ್ತವೆ. ಅಲ್ಲಿ ನನಗೆ ಕಣ್ಣು ತುಂಬದ ದಿನವಿಲ್ಲ.

ಕೊರತೆ ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. ‘ಟ್ರಿಪ್ ಥ್ರೂ ಯುವರ್ ವೈರ್ಸ್’ ನನಗೆ ಇನ್ನೂ ಒಗ್ಗಿಲ್ಲ, ಉಳಿದ ಹಾಡುಗಳ ಬಿಗಿ ಅದರಲ್ಲಿಲ್ಲ. ಇನ್ನು ‘ಎಕ್ಸಿಟ್’ ತೀರಾ ಮೆಲ್ಲಗೆ ಶುರುವಾಗುತ್ತದೆ, ಕೇಳಿಸಲಿಲ್ಲ ಅಂತ ಹೆಡ್‌ಫೋನಿನ ವಾಲ್ಯೂಮ್ ಏರಿಸಬೇಡಿ, ಮುಂದೆ ಅದು ಸಿಡಿಯುತ್ತದೆ. ಪ್ರೀತಿ, ನಂಬಿಕೆ ಕೆಟ್ಟ ತಲೆಯೊಳಗೆ ಹೊಕ್ಕರೆ ಏನಾಗಬಹುದು ಅನ್ನುವ ಭಯ ಅದರಲ್ಲಿದೆ. ಅದರ ಬೆನ್ನಿಗೇ ಕೊನೆಯ ಹಾಡು, ಅರ್ಜೆಂಟೀನಾದ ಮಿಲಿಟರಿ ಆಡಳಿತದಲ್ಲಿ ಮಕ್ಕಳು ಕಣ್ಮರೆಯಾದ ತಾಯಂದಿರದು. ಕೂಗಾಟವಿಲ್ಲ, ಮಳೆಯಂಥ ಒಂದು ಸದ್ದು, ಒಂದು ದನಿ.

ಹೊಸದಾಗಿ ಕೇಳುವವರು ಷಫಲ್ ಹಾಕಬೇಡಿ, ಹಾಡುಗಳು ಇರುವ ಸಾಲಿನಲ್ಲೇ ಕೇಳಿ. 2007ರ ರೀಮಾಸ್ಟರ್ (ಹಳೆಯ ಧ್ವನಿಮುದ್ರಣವನ್ನೇ ತಿದ್ದಿ ಸ್ಪಷ್ಟಗೊಳಿಸಿದ ಆವೃತ್ತಿ) ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ನಾನು ಈಗ ಕೇಳುತ್ತಿರುವುದು ಅದನ್ನೇ.